ನಿಮ್ಮ ಶಾಸಕರ ಪೂರ್ವಾಪರ ಹುಡುಕುವುದು ಹೇಗೆ? ಪಂಚಾಯಿತಿಯಿಂದ ವಿಧಾನಸೌಧದವರೆಗೆ

ಚುನಾವಣೆ ಇರಲಿ, ಇಲ್ಲದಿರಲಿ, ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ನಮ್ಮ ಎಮ್ಮೆಲ್ಲೆ ಮೊದಲು ಏನಾಗಿದ್ರು, ಆವಾಗ ಏನು ಮಾಡಿದ್ರು, ಆಸ್ತಿ ಎಷ್ಟಿತ್ತು, ಈಗ ಎಷ್ಟಾಗಿದೆ? ಇದನ್ನೆಲ್ಲ ಎಲ್ಲಿ ನೋಡೋದು?"

ಇದರಲ್ಲಿ ಮುಕ್ಕಾಲು ಪಾಲು ಸರ್ಕಾರಿ ಕಡತಗಳಲ್ಲೇ ಇದೆ. ತೊಡಕೆಂದರೆ ಒಂದೇ ಕಡೆ ಇಲ್ಲ. ಪಂಚಾಯಿತಿ ಚುನಾವಣೆಯ ಕಾಗದ ಇಡುವ ಆಯೋಗವೇ ಬೇರೆ, ವಿಧಾನಸಭೆ ಚುನಾವಣೆಯದ್ದೇ ಬೇರೆ. ಸೊಸೈಟಿ ಲೆಕ್ಕ ಸಹಕಾರ ಇಲಾಖೆಯಲ್ಲಿರುತ್ತದೆ, ಸದನದ ಮಾತು ವಿಧಾನಸಭೆ ಸಚಿವಾಲಯದಲ್ಲಿ, ಕಾಮಗಾರಿ ಪಟ್ಟಿ ಜಿಲ್ಲಾಧಿಕಾರಿ ಕಚೇರಿಯಲ್ಲಿ. ತಪ್ಪು ಬಾಗಿಲು ಬಡಿದು, ತಿಂಗಳುಗಟ್ಟಲೆ ಅಲೆದು, "ಏನೂ ಕೊಡಲ್ಲ ಸಾರ್" ಎಂದು ಕೈಚೆಲ್ಲಿದವರೇ ಹೆಚ್ಚು. ಯಾವ ಬಾಗಿಲು ಎಲ್ಲಿದೆ ಎಂದು ತೋರಿಸಲು ಈ ಬರಹ.

ಬೇಕಾಗುವುದು ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಶೀಟ್, ಇಂಟರ್ನೆಟ್ ಇರುವ ಫೋನು, ಹತ್ತು ರೂಪಾಯಿಯ ಕೆಲವು ಪೋಸ್ಟಲ್ ಆರ್ಡರ್, ಮತ್ತು ತಾಳ್ಮೆ.

1. ಮೊದಲು ಒಂದು ಪುಟದ ಕಾಲಪಟ್ಟಿ ಮಾಡಿ

ಇಸವಿ, ಹುದ್ದೆ, ಸಂಸ್ಥೆಯ ಹೆಸರು, ಪಕ್ಷ, ಹೇಗೆ ಬಂದರು, ಹೇಗೆ ಹೋದರು ಎಂದು ಆರು ಕಾಲಂ ಎಳೆಯಿರಿ. ಕೊನೆಯ ಎರಡು ಕಾಲಂ ಬಿಡಬೇಡಿ. ಜನ ನೇರವಾಗಿ ಆರಿಸಿದ್ದೋ, ಸದಸ್ಯರು ಸೇರಿ ಆರಿಸಿದ್ದೋ, ಸರ್ಕಾರ ನೇಮಿಸಿದ್ದೋ ಎನ್ನುವುದರಿಂದ ಆ ಹುದ್ದೆಯ ತೂಕ ತಿಳಿಯುತ್ತದೆ. ನಿಗಮ, ಮಂಡಳಿಯ ಅಧ್ಯಕ್ಷಗಿರಿಗೆ ಯಾರೂ ವೋಟು ಹಾಕಿರುವುದಿಲ್ಲ. "ಶಾಸಕ" ಎಂದಷ್ಟೇ ಬರೆದಿದ್ದರೂ ಹುಷಾರು. ವಿಧಾನಸಭೆಯ 224 ಸ್ಥಾನಗಳಿಗೆ ಜನ ನೇರವಾಗಿ ಮತ ಹಾಕುತ್ತಾರೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಸದಸ್ಯರಿಂದ, 25 ವಿಧಾನಸಭೆ ಸದಸ್ಯರಿಂದ, 7 ಪದವೀಧರರಿಂದ, 7 ಶಿಕ್ಷಕರಿಂದ ತುಂಬುತ್ತವೆ. ಉಳಿದ 11 ನಾಮನಿರ್ದೇಶನ.

ಹಳಬರ ವಿಷಯದಲ್ಲಿ ಸಂಸ್ಥೆಗಳ ಹೆಸರೇ ಗೊಂದಲ ಹುಟ್ಟಿಸುತ್ತದೆ. 1959ರ ಕಾಯ್ದೆಯ ಕಾಲದಲ್ಲಿ ಇದ್ದದ್ದು ತಾಲ್ಲೂಕು ಅಭಿವೃದ್ಧಿ ಮಂಡಳಿ. ಜನರ ಬಾಯಲ್ಲಿ "ತಾಲ್ಲೂಕ್ ಬೋರ್ಡ್". 1983ರ ಕಾಯ್ದೆ ಬಂದು 1987ರಲ್ಲಿ ಚುನಾವಣೆ ನಡೆದಾಗ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತು ಹುಟ್ಟಿದವು. 1993ರ ಕಾಯ್ದೆಯ ನಂತರವೇ ಇಂದಿನ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ. ಹಾಗಾಗಿ 1988ರಲ್ಲಿ "ಗ್ರಾಮ ಪಂಚಾಯಿತಿ ಅಧ್ಯಕ್ಷ"ರಾಗಿದ್ದೆ ಎಂದು ಯಾರಾದರೂ ಹೇಳಿದರೆ ಸುಳ್ಳು ಎಂದು ಹಾರಬೇಡಿ. ಮಂಡಲ ಪಂಚಾಯಿತಿಯನ್ನು ಈಗಿನ ಹೆಸರಿನಲ್ಲಿ ಹೇಳುತ್ತಿರಬಹುದು. ಆದರೆ ಕಡತ ಹುಡುಕುವಾಗ ಹಳೆಯ ಹೆಸರಿನಲ್ಲೇ ಹುಡುಕಬೇಕು.

ಈ ಮೆಟ್ಟಿಲು ಹತ್ತಿ ಬಂದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಬಿ.ಎಸ್. ಯಡಿಯೂರಪ್ಪ 1975ರಲ್ಲಿ ಶಿಕಾರಿಪುರ ಪುರಸಭೆ ಸದಸ್ಯರಾಗಿ, 1983ರಲ್ಲಿ ವಿಧಾನಸಭೆಗೆ ಬಂದವರು. ಸಿದ್ದರಾಮಯ್ಯನವರ ಮೊದಲ ಮೆಟ್ಟಿಲು ಮೈಸೂರಿನ ತಾಲ್ಲೂಕ್ ಬೋರ್ಡು. ಅಭ್ಯಾಸಕ್ಕೆ ಇಂಥ ಒಬ್ಬರ ಕಾಲಪಟ್ಟಿ ಮಾಡಿ ನೋಡಿ, ಆಮೇಲೆ ನಿಮ್ಮ ಶಾಸಕರ ತಂಟೆಗೆ ಹೋಗಿ.

2. ಗೆಲುವು ಸೋಲು ಖಾತ್ರಿ ಮಾಡಿಕೊಳ್ಳಿ

ವಿಧಾನಸಭೆ ಫಲಿತಾಂಶಗಳಿಗೆ ಭಾರತ ಚುನಾವಣಾ ಆಯೋಗದ ಜಾಲತಾಣದಲ್ಲಿ ಪ್ರತಿ ಚುನಾವಣೆಯ ಅಂಕಿಅಂಶ ವರದಿ ಸಿಗುತ್ತದೆ. ಪಂಚಾಯಿತಿ, ಪುರಸಭೆ, ಪಾಲಿಕೆ ಚುನಾವಣೆಗಳು ಕರ್ನಾಟಕ ರಾಜ್ಯ ಚುನಾವಣಾ ಆಯೋಗದ ವ್ಯಾಪ್ತಿ. ಹೆಸರು ಒಂದೇ ಥರ ಕೇಳಿದರೂ ಎರಡೂ ಬೇರೆ ಬೇರೆ ಸಂಸ್ಥೆಗಳು. ಅರ್ಜಿಗಳು ಮೊದಲು ಎಡವುವುದು ಇಲ್ಲೇ.

ಇನ್ನು ಕೆಲವು ಗುಂಡಿಗಳಿವೆ. 1973ರ ನವೆಂಬರ್ 1ಕ್ಕೆ ಮುಂಚಿನ ಚುನಾವಣೆಗಳು "ಮೈಸೂರು" ರಾಜ್ಯದ ಹೆಸರಿನಲ್ಲಿವೆ. 2008ರ ಚುನಾವಣೆಗೆ ಕ್ಷೇತ್ರ ಪುನರ್ವಿಂಗಡಣೆ, ಅಂದರೆ ಗಡಿಗಳನ್ನು ಹೊಸದಾಗಿ ಗೆರೆ ಎಳೆಯುವ ಕೆಲಸ, ಜಾರಿಗೆ ಬಂದು ಹಲವು ಕ್ಷೇತ್ರಗಳೇ ಮಾಯವಾದವು. ಡಿ.ಕೆ. ಶಿವಕುಮಾರ್ 1989ರಿಂದ ಗೆಲ್ಲುತ್ತಾ ಬಂದ ಸಾತನೂರು ಈಗ ನಕಾಶೆಯಲ್ಲಿಲ್ಲ, 2008ರಿಂದ ಅವರದು ಕನಕಪುರ. ವರುಣಾ ಕ್ಷೇತ್ರ ಹುಟ್ಟಿದ್ದೂ ಅದೇ ಸಲ. ಕ್ಷೇತ್ರ ಬದಲಾದದ್ದನ್ನು "ಕ್ಷೇತ್ರ ಬಿಟ್ಟು ಓಡಿದರು" ಎಂದು ಬರೆಯುವ ಮೊದಲು ಇಸವಿ ನೋಡಿ.

ಉಪಚುನಾವಣೆಗಳು ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಇರುವುದಿಲ್ಲ, ಬೇರೆಯಾಗಿ ಹುಡುಕಬೇಕು. ಸಿದ್ದರಾಮಯ್ಯ ಕಾಂಗ್ರೆಸ್ ಸೇರಿದ ಮೇಲೆ 2006ರಲ್ಲಿ ಚಾಮುಂಡೇಶ್ವರಿಯಲ್ಲಿ ಬರೀ 257 ಮತಗಳಿಂದ ಗೆದ್ದದ್ದು ಉಪಚುನಾವಣೆ; 2004ರ ವರದಿ, 2008ರ ವರದಿ ಎರಡನ್ನೇ ನೋಡಿದವರಿಗೆ ಅವರ ಬದುಕಿನ ಅತಿ ಇಕ್ಕಟ್ಟಿನ ಗೆಲುವೊಂದು ಕಣ್ಣಿಗೇ ಬೀಳುವುದಿಲ್ಲ. ಪಕ್ಷಾಂತರದ ಜಾಡು ಹಿಡಿಯುವಾಗಲೂ ಹೀಗೇ. 2019ರಲ್ಲಿ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಮಾತ್ರ ಅವಕಾಶ ಕೊಟ್ಟಿತು. ಅವರಲ್ಲಿ ಕೆಲವರು ಇವತ್ತಿಗೂ "ರಾಜೀನಾಮೆ ಕೊಟ್ಟೆ" ಎನ್ನುತ್ತಾರೆ. ನಿಮ್ಮ ಕೊನೆಯ ಕಾಲಂನಲ್ಲಿ ಎರಡನ್ನೂ ಬರೆಯಿರಿ: ರಾಜೀನಾಮೆ ಪತ್ರದ ದಿನಾಂಕ, ಸ್ಪೀಕರ್ ಆದೇಶದ ದಿನಾಂಕ.

3. ಊರಿನ ವರ್ಷಗಳು: ಪಂಚಾಯಿತಿ ಮತ್ತು ಸೊಸೈಟಿ

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ. ಆಗ ಯಾರು ಯಾವ ಪಕ್ಷದವರು ಎನ್ನುವುದು ಊರಿಗೆಲ್ಲ ಗೊತ್ತಿದ್ದರೂ ದಾಖಲೆಯಲ್ಲಿ ಇರುವುದಿಲ್ಲ, ಹುಡುಕಿ ಸುಸ್ತಾಗಬೇಡಿ. ನಿಮಗೆ ಬೇಕಿರುವುದು ಸಭೆಯ ನಡವಳಿ ಪುಸ್ತಕ: ಸಭೆಯಲ್ಲಿ ಯಾರಿದ್ದರು, ಏನು ನಿರ್ಣಯವಾಯಿತು ಎಂದು ಬರೆದು ಸಹಿ ಹಾಕಿಸುವ ಪುಸ್ತಕ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಇರುತ್ತದೆ. ಇದರ ಜೊತೆಗೆ ಗ್ರಾಮಸಭೆ ನಡವಳಿ, ಜಮಾಬಂದಿ ವರದಿಯನ್ನೂ ಕೇಳಿ. ಜಮಾಬಂದಿ ಎಂದರೆ ಪಂಚಾಯಿತಿಯ ವರ್ಷದ ಲೆಕ್ಕ, ಕಾಮಗಾರಿಗಳನ್ನು ಜನರ ಮುಂದೆ ತಾಳೆ ನೋಡುವ ಪ್ರಕ್ರಿಯೆ.

"ಅಧ್ಯಕ್ಷರಾಗಿದ್ದರು" ಎಂಬ ಮಾತಿಗೆ ಅವಧಿ ಕೇಳಿ. ಒಳಒಪ್ಪಂದದ ಮೇಲೆ ಹತ್ತು ತಿಂಗಳು ನಿನಗೆ, ಹತ್ತು ತಿಂಗಳು ನನಗೆ ಎಂದು ಹಂಚಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಅವಿಶ್ವಾಸ ನಿರ್ಣಯದಲ್ಲಿ ಇಳಿದಿದ್ದರೆ ಅದೂ ನಡವಳಿಯಲ್ಲಿರುತ್ತದೆ. ಇನ್ನೊಂದು ಸೂಕ್ಷ್ಮ: ಮಹಿಳಾ ಮೀಸಲು ಬಂದಾಗ ಹೆಂಡತಿಯನ್ನು ನಿಲ್ಲಿಸಿ ಆಡಳಿತ ತಾವೇ ನಡೆಸಿದವರ ಹೆಸರು ಕಾಗದದಲ್ಲಿ ಎಲ್ಲೂ ಸಿಗದು. ಅಲ್ಲಿ ನಿರ್ಣಯಗಳ ಹೊಣೆ ಕಾನೂನಿನ ಪ್ರಕಾರ ಆ ಅಧ್ಯಕ್ಷೆಯದೇ. "ನಡೆಸಿದ್ದು ಗಂಡ" ಎಂದು ಬರೆಯಬೇಕಾದರೆ ನಿಮ್ಮ ಕೈಲಿ ಊರಮಾತಿಗಿಂತ ಗಟ್ಟಿಯಾದದ್ದು ಇರಬೇಕು.

ಹೆಚ್ಚಿನವರು ಮರೆಯುವುದು ಸಹಕಾರ ಕ್ಷೇತ್ರವನ್ನು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಅಂದರೆ ಊರಿನ ಸೊಸೈಟಿ, ಹಾಲಿನ ಡೇರಿ, ರೈತರಿಗೆ ದೀರ್ಘಾವಧಿ ಸಾಲ ಕೊಡುವ ಪಿಎಲ್‌ಡಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕು: ಹಳ್ಳಿ ಕಡೆಯ ನಾಯಕರು ತಯಾರಾಗುವುದು ಬಹುಪಾಲು ಇಲ್ಲೇ. ಯಾರಿಗೆ ಸಾಲ ಸಿಗಬೇಕು ಎಂದು ನಿರ್ಧರಿಸಿದವರಿಗೆ ಮುಂದೆ ವೋಟು ಕೇಳುವುದು ಕಷ್ಟವಲ್ಲ. ನನ್ನನ್ನು ಕೇಳಿದರೆ ಒಬ್ಬ ಶಾಸಕರ ಸ್ವಭಾವ ತಿಳಿಯಲು ಅವರ ಭಾಷಣಗಳಿಗಿಂತ ಅವರಿದ್ದ ಸೊಸೈಟಿಯ ಲೆಕ್ಕಪರಿಶೋಧನಾ ವರದಿ ವಾಸಿ. ಸುಸ್ತಿ ಸಾಲ ಎಷ್ಟು, ಆಕ್ಷೇಪಣೆಗಳು ಏನು, ಮರುವರ್ಷ ಸರಿಪಡಿಸಿದರೇ ಎಂದು ನೋಡಿ.

ಆದರೆ ಎಲ್ಲ ಸಹಕಾರ ಸಂಘಗಳೂ ಮಾಹಿತಿ ಹಕ್ಕು ಕಾಯ್ದೆಯಡಿ ತಾವಾಗಿ ಬರುವುದಿಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಘಕ್ಕೇ ಅರ್ಜಿ ಕೊಟ್ಟರೆ ಅದೇ ತೀರ್ಪು ತೋರಿಸಿ ವಾಪಸ್ ಕಳಿಸುತ್ತಾರೆ. ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಕೊಡಿ, ಅವರ ಬಳಿ ಇರುವ ಪ್ರತಿಯನ್ನು ಕೇಳಿ.

4. ಅಫಿಡವಿಟ್: ಒಂದನ್ನು ಓದಬೇಡಿ, ಎರಡನ್ನು ಎದುರುಬದುರು ಇಟ್ಟು ಓದಿ

ನಾಮಪತ್ರದ ಜೊತೆ ಅಭ್ಯರ್ಥಿ ಸಲ್ಲಿಸುವ ಪ್ರಮಾಣಪತ್ರ ಇದು, ನಮೂನೆ 26. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾರ್ಹತೆ ಎಲ್ಲವೂ ಇದರಲ್ಲಿ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಮತದಾರರಿಗೆ ದಕ್ಕಿದ ಹಕ್ಕು. 2013ರ ತೀರ್ಪಿನ ನಂತರ ಯಾವ ಕಾಲಂ ಅನ್ನೂ ಖಾಲಿ ಬಿಡುವಂತಿಲ್ಲ; "ಇಲ್ಲ" ಎಂದಾದರೂ ಬರೆಯಬೇಕು. 2019ರಿಂದ ಹಿಂದಿನ ಐದು ವರ್ಷಗಳ ತೆರಿಗೆ ವಿವರ, ವಿದೇಶಿ ಆಸ್ತಿ ಕೂಡ ಸೇರಿವೆ. ಭಾರತ ಚುನಾವಣಾ ಆಯೋಗದ ಅಫಿಡವಿಟ್ ಪುಟದಲ್ಲಿ ಸ್ಕ್ಯಾನ್ ಪ್ರತಿ ಸಿಗುತ್ತದೆ. ಮೈನೇತಾ ಜಾಲತಾಣದಲ್ಲಿ ಸಾರಾಂಶ. ಸಾರಾಂಶದಿಂದ ಶುರು ಮಾಡಿ, ಆದರೆ ಸ್ಕ್ಯಾನ್ ಪ್ರತಿ ನೋಡದೆ ಏನನ್ನೂ ಬರೆಯಬೇಡಿ.

2018 ಮತ್ತು 2023ರ ಎರಡು ಪ್ರತಿ ಮುದ್ರಿಸಿಕೊಂಡು ಸ್ಥಿರಾಸ್ತಿ ಪುಟ ತೆರೆಯಿರಿ. ಒಟ್ಟು ಮೊತ್ತಕ್ಕೆ ಮೊದಲು ಕಣ್ಣು ಹಾಕಬೇಡಿ. ಸರ್ವೆ ನಂಬರ್‌ಗಳಿಗೆ ಹಾಕಿ. ಉದಾಹರಣೆಗೆ, ಮೊದಲ ಪ್ರತಿಯಲ್ಲಿ ಒಂದು ಸರ್ವೆ ನಂಬರಿನ 4 ಎಕರೆ 10 ಗುಂಟೆ ಖುಷ್ಕಿ ಜಮೀನು "ಪಿತ್ರಾರ್ಜಿತ" ಎಂದಿದೆ ಅಂದುಕೊಳ್ಳಿ. ಎರಡನೆಯದರಲ್ಲಿ ಅದೇ ನಂಬರಿನಲ್ಲಿ 2 ಎಕರೆ ಮಾತ್ರ ಇದ್ದು, ಕೃಷಿಯೇತರ ಭೂಮಿಯ ಕಾಲಂನಲ್ಲಿ ಹೊಸದೊಂದು ಸಾಲು ಕಾಣಿಸಿಕೊಂಡಿದೆ. ಈಗ ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಆ ನಂಬರಿನ ಪಹಣಿ ತೆಗೆಯಿರಿ. ಉಳಿದ 2 ಎಕರೆ 10 ಗುಂಟೆ ಮಾರಾಟವಾಗಿದೆಯೋ, ಭೂಪರಿವರ್ತನೆಯಾಗಿ ಲೇಔಟ್ ಆಗಿದೆಯೋ, ವಿಭಾಗದಲ್ಲಿ ಅಣ್ಣ ತಮ್ಮಂದಿರಿಗೆ ಹೋಗಿದೆಯೋ ಎಂಬುದರ ಸುಳಿವು ಅಲ್ಲಿನ ಮ್ಯುಟೇಶನ್ (ಹಕ್ಕು ಬದಲಾವಣೆ) ಸಂಖ್ಯೆಯಲ್ಲಿರುತ್ತದೆ. ಪರಿವರ್ತನೆಯಾಗಿದ್ದರೆ ದಿನಾಂಕ ಬರೆದುಕೊಳ್ಳಿ. ಆ ಕಡೆಗೆ ಡಾಂಬರು ರಸ್ತೆ ಮಂಜೂರಾದದ್ದು ಯಾವಾಗ ಎಂದು ಏಳನೇ ಹಂತದಲ್ಲಿ ನೋಡುವಾಗ ಬೇಕಾಗುತ್ತದೆ.

ಎಡವುವ ಜಾಗಗಳು ಹಲವು. ಕೆಲವರು ಖರೀದಿ ಬೆಲೆಯನ್ನು ಎತ್ತಿ ಹೇಳುತ್ತಾರೆ, ಕೆಲವರು ಮಾರುಕಟ್ಟೆ ಬೆಲೆಯನ್ನು. ಕಾಲಂ ನೋಡದೆ "ಐದು ವರ್ಷದಲ್ಲಿ ಆಸ್ತಿ ಹತ್ತು ಪಟ್ಟು" ಎಂದು ಬರೆದರೆ ನಿಮ್ಮ ಮಾನವೇ ಹೋಗುತ್ತದೆ. ಹಳೆಯ ಜಮೀನಿನ ಬೆಲೆ ತಾನಾಗಿ ಏರುವುದು ಬೇರೆ, ಹೊಸ ಜಮೀನು ಕೊಳ್ಳುವುದು ಬೇರೆ. ಅಫಿಡವಿಟ್‌ನಲ್ಲಿ ಅಭ್ಯರ್ಥಿ, ಸಂಗಾತಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತರಿಗೆ ಮಾತ್ರ ಕಾಲಂ ಇರುತ್ತದೆ. ದುಡಿಯುವ ಮಗ, ಮದುವೆಯಾದ ಮಗಳು, ತಮ್ಮ ಇರುವುದಿಲ್ಲ. ಹಿಂದಿನ ಸಲ "ಅವಲಂಬಿತ"ನಾಗಿದ್ದ ಮಗ ಈ ಸಲ ಇಲ್ಲದಿದ್ದರೆ ಅವನ ಹೆಸರಲ್ಲಿದ್ದ ಆಸ್ತಿಯೂ ಪಟ್ಟಿಯಿಂದ ಇಳಿಯುತ್ತದೆ. ಅದು ತಪ್ಪಲ್ಲ, ಆದರೆ ಒಟ್ಟು ಮೊತ್ತ ಕಡಿಮೆಯಾದಂತೆ ಕಾಣಿಸುತ್ತದೆ. ಸಾಲದ ಪುಟದಲ್ಲಿ ಬ್ಯಾಂಕಿನ ಸಾಲಕ್ಕಿಂತ "ಇತರರಿಂದ ಕೈಸಾಲ" ಎಂಬ ಸಾಲನ್ನು ನಿಧಾನವಾಗಿ ಓದಿ. ಸರ್ಕಾರದ ಗುತ್ತಿಗೆಗಳ ವಿವರ ಕೇಳುವ ಭಾಗವನ್ನೂ ಬಿಡಬೇಡಿ, ಬಹಳ ಜನ ಅಲ್ಲಿಯವರೆಗೆ ಪುಟ ತಿರುಗಿಸುವುದೇ ಇಲ್ಲ.

ಇದಲ್ಲದೆ, ಲೋಕಾಯುಕ್ತ ಕಾಯ್ದೆ 1984ರ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತರಿಗೆ ಆಸ್ತಿ ವಿವರ ಸಲ್ಲಿಸಬೇಕು. ಸಲ್ಲಿಸದವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಚುನಾವಣಾ ವೆಚ್ಚದ ಲೆಕ್ಕ ಫಲಿತಾಂಶ ಬಂದು 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಹೋಗಿರಬೇಕು; 2023ರ ವಿಧಾನಸಭೆ ಚುನಾವಣೆಯಲ್ಲಿ ಮಿತಿ 40 ಲಕ್ಷ ರೂಪಾಯಿ ಇತ್ತು. ಈ ಲೆಕ್ಕಗಳನ್ನು ನಂಬಬೇಕೋ ಬೇಡವೋ ನಿಮಗೆ ಬಿಟ್ಟದ್ದು. ನಾನಂತೂ ಅವುಗಳ ಮೇಲೆ ಹೆಚ್ಚು ಹೊತ್ತು ಕಳೆಯುವುದಿಲ್ಲ.

5. ಪ್ರಕರಣಗಳು

ಅಫಿಡವಿಟ್‌ನಲ್ಲಿ ಪ್ರತಿ ಪ್ರಕರಣದ ಎಫ್‌ಐಆರ್ ಸಂಖ್ಯೆ, ನ್ಯಾಯಾಲಯ, ಕಲಂಗಳು ಇರುತ್ತವೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ಈಗಿನ ಸ್ಥಿತಿ ನೋಡಿ. ಶಾಸಕರ ಹಲವು ಪ್ರಕರಣಗಳು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯದಲ್ಲಿರುತ್ತವೆ, ನಿಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ಸಿಗಲಿಲ್ಲವೆಂದು ಮುಗಿದೇಹೋಯಿತು ಅಂದುಕೊಳ್ಳಬೇಡಿ.

ನಾಲ್ಕು ಹಂತಗಳನ್ನು ಕಲಸಬಾರದು. ಎಫ್‌ಐಆರ್ ಎಂದರೆ ದೂರು ದಾಖಲಾಗಿದೆ, ಅಷ್ಟೇ. ಆರೋಪಪಟ್ಟಿ ಎಂದರೆ ಪೊಲೀಸರು ತನಿಖೆ ಮುಗಿಸಿ ನ್ಯಾಯಾಲಯಕ್ಕೆ ಕೊಟ್ಟ ವರದಿ. ದೋಷಾರೋಪ ನಿಗದಿ ಎಂದರೆ ವಿಚಾರಣೆಗೆ ತಕ್ಕಷ್ಟು ಹುರುಳಿದೆ ಎಂದು ನ್ಯಾಯಾಧೀಶರು ಒಪ್ಪಿದ್ದಾರೆ. ಶಿಕ್ಷೆ ಕೊನೆಯದು. 2013ರ ಜುಲೈ 10ರ ತೀರ್ಪಿನ ನಂತರ, ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದ ಶಾಸಕರಿಗೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ಸ್ಥಾನ ಉಳಿಯುವುದಿಲ್ಲ; ಮೇಲಿನ ನ್ಯಾಯಾಲಯ ದೋಷನಿರ್ಣಯಕ್ಕೇ ತಡೆ ಕೊಡಬೇಕು. ಕಲಂಗಳನ್ನೂ ನೋಡಿ. ರಸ್ತೆ ತಡೆ ಚಳವಳಿಯ ಕೇಸೂ, ನಕಲಿ ದಾಖಲೆ ಕೇಸೂ ಎಣಿಕೆಯಲ್ಲಿ ಒಂದೊಂದೇ. "ಐದು ಕೇಸ್ ಇದೆ" ಎಂಬ ಮಾತಿಗೆ ಅರ್ಥವಿಲ್ಲ.

6. ಸದನದಲ್ಲಿ ಏನು ಮಾತಾಡಿದರು

ವಿಧಾನಸಭೆ ಜಾಲತಾಣದಲ್ಲಿ ಪ್ರಶ್ನೋತ್ತರ, ನಡವಳಿಗಳು ಇವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆಯ ಪ್ರಸ್ತಾಪ, ಬಜೆಟ್ ಮೇಲಿನ ಚರ್ಚೆ ಇವನ್ನೂ ಹುಡುಕಿ.

ಎಣಿಕೆಯ ಮೇಲೆ ಅಂಕ ಕೊಡಬೇಡಿ. ಸಚಿವರು, ಸ್ಪೀಕರ್ ಪ್ರಶ್ನೆ ಕೇಳುವುದಿಲ್ಲ, ಅವರ ಲೆಕ್ಕ ಸೊನ್ನೆ ಇದ್ದರೆ ಸೋಮಾರಿತನವಲ್ಲ. ನೂರು ಪ್ರಶ್ನೆ ಕೇಳಿದವರದ್ದು ತೆರೆದು ನೋಡಿದರೆ ಎಲ್ಲವೂ "ಎಷ್ಟು ಅನುದಾನ ಬಿಡುಗಡೆಯಾಗಿದೆ?" ಎಂಬ ಒಂದೇ ಅಚ್ಚಿನವು ಇರಬಹುದು. ನೀರಿನ, ಆಸ್ಪತ್ರೆಯ ವಿಷಯದಲ್ಲಿ ವಿರೋಧ ಪಕ್ಷದಲ್ಲಿದ್ದಾಗ ಕೇಳಿದ್ದನ್ನೇ ತಮ್ಮ ಸರ್ಕಾರ ಬಂದ ಮೇಲೂ ಕೇಳಿದರೇ ಎಂಬ ಒಂದು ಪರೀಕ್ಷೆ ಸಾಕು. ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದಾಜು ಸಮಿತಿ, ಭರವಸೆಗಳ ಸಮಿತಿಗಳಲ್ಲಿ ಇದ್ದರೇ ಎಂದೂ ಬರೆದುಕೊಳ್ಳಿ.

7. ಕ್ಷೇತ್ರದಲ್ಲಿ ಏನು ಮಾಡಿದರು

ಶಾಸಕರ ನಿಜವಾದ ಅಧಿಕಾರ ಇರುವುದು ತಾಲ್ಲೂಕು ಕೇಂದ್ರದಲ್ಲಿ. ಬಗರ್ ಹುಕುಂ ಸಮಿತಿಗೆ, ಅಂದರೆ ಸರ್ಕಾರಿ ಜಮೀನು ಉಳುಮೆ ಮಾಡಿಕೊಂಡವರಿಗೆ ಸಕ್ರಮ ಮಾಡಿಕೊಡುವ ಸಮಿತಿಗೆ, ಅವರು ಅಧ್ಯಕ್ಷರು. ಬಡವರಿಗೆ ಮನೆ, ನಿವೇಶನ ಹಂಚುವ ಆಶ್ರಯ ಸಮಿತಿಯಲ್ಲೂ ಅವರದೇ ಮಾತು. ತ್ರೈಮಾಸಿಕ ಕೆಡಿಪಿ ಸಭೆಯ, ಅಂದರೆ ಎಲ್ಲ ಇಲಾಖೆಗಳ ಪ್ರಗತಿ ಪರಿಶೀಲನೆಯ, ಅಧ್ಯಕ್ಷತೆಯೂ ಅವರದು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಹೋದಾಗ ಈ ಅಧಿಕಾರ ಇನ್ನಷ್ಟು ಬಿಗಿಯಾಯಿತು.

ಕೆಡಿಪಿ ನಡವಳಿಯನ್ನು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಯಿಂದ, ಒಂದಲ್ಲ, ಸಾಲಾಗಿ ನಾಲ್ಕು ಸಭೆಗಳದ್ದು ಪಡೆಯಿರಿ. "ಮುಂದಿನ ಸಭೆಯೊಳಗೆ ಕ್ರಮ ವಹಿಸಲು ಸೂಚಿಸಲಾಯಿತು" ಎಂಬ ವಾಕ್ಯಕ್ಕೆ ಗೆರೆ ಎಳೆದು, ಮುಂದಿನ ಸಭೆಯಲ್ಲಿ ಅದೇ ವಿಷಯ ಏನಾಯಿತು ನೋಡಿ. ನಾಲ್ಕೂ ಸಭೆಯಲ್ಲಿ ಅದೇ ಕುಡಿಯುವ ನೀರಿನ ಟ್ಯಾಂಕು, ಅದೇ ಸೂಚನೆ ಇದ್ದರೆ ನಿಮಗೆ ಬೇಕಾದದ್ದು ಸಿಕ್ಕಿತು. ಬಗರ್ ಹುಕುಂ ಸಮಿತಿಯ ಮಂಜೂರಾತಿ ಪಟ್ಟಿ ತಹಶೀಲ್ದಾರ್ ಕಚೇರಿಯಲ್ಲಿ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಜಿಲ್ಲಾಧಿಕಾರಿ ಮೂಲಕ ಖರ್ಚಾಗುತ್ತದೆ. ಕಾಮಗಾರಿವಾರು ಪಟ್ಟಿ, ಮಂಜೂರಾತಿ ಆದೇಶ, ಬಳಕೆ ಪ್ರಮಾಣಪತ್ರ ಕೇಳಿ. ಫ್ಲೆಕ್ಸ್‌ಗಳನ್ನು ನಂಬಬೇಡಿ. ಕೇಂದ್ರದ ಗ್ರಾಮ ಸಡಕ್ ಯೋಜನೆಯ ರಸ್ತೆಗೂ, ಲೋಕೋಪಯೋಗಿ ಇಲಾಖೆಯ ಸೇತುವೆಗೂ "ಶಾಸಕರ ಅನುದಾನ" ಎಂಬ ಬೋರ್ಡು ಏರುತ್ತದೆ. ಗುದ್ದಲಿ ಪೂಜೆಯ ಫೋಟೊ ಕೆಲಸ ಮುಗಿದದ್ದಕ್ಕೆ ಸಾಕ್ಷಿಯಲ್ಲ, ಕೆಲಸ ಶುರುವಾದದ್ದಕ್ಕೂ ಅಲ್ಲ. ಹಾಗೆಯೇ ಇನ್ನೊಂದು ಕಡೆಯಿಂದ: ಮಂಜೂರಾದ ಕೆಲಸ ಟೆಂಡರಿನಲ್ಲೋ ಅರಣ್ಯ ಇಲಾಖೆ ಅನುಮತಿಯಲ್ಲೋ ಸಿಕ್ಕಿಕೊಂಡಿದ್ದರೆ ಅದನ್ನೂ ಬರೆಯಿರಿ.

8. ಮಾಹಿತಿ ಹಕ್ಕು ಅರ್ಜಿ ತಿರಸ್ಕಾರವಾಗದಂತೆ ಬರೆಯುವುದು

ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಕೆಡಿಪಿ ನಡವಳಿ, ಬಗರ್ ಹುಕುಂ ಪಟ್ಟಿ, ಕಾಮಗಾರಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. "ಏಕೆ ಮಾಡಿಲ್ಲ?" ಎಂದು ಕೇಳಬೇಡಿ, ಕಾರಣ ಕೊಡುವ ಹೊಣೆ ಅವರಿಗಿಲ್ಲ. "ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ಸಭಾ ನಡವಳಿಯ ದೃಢೀಕೃತ ಪ್ರತಿ ಕೊಡಿ" ಎಂದು ದಾಖಲೆ ಕೇಳಿ. ಕಡತ ದಪ್ಪವಿದ್ದರೆ ಮೊದಲು ಕಡತ ಪರಿಶೀಲನೆಗೆ ಅವಕಾಶ ಕೋರಿ, ಬೇಕಾದ ಪುಟಗಳಿಗೆ ಮಾತ್ರ ದುಡ್ಡು ಕಟ್ಟಿ.

ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ ಅದೇ ಕಚೇರಿಯ ಮೇಲಧಿಕಾರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಉದ್ದ, ಹಾಗಾಗಿ ಚುನಾವಣೆಗೆ ಎರಡು ತಿಂಗಳಿರುವಾಗ ಶುರು ಮಾಡಿದರೆ ಪ್ರಯೋಜನವಿಲ್ಲ. ಶಾಸಕರ ತೆರಿಗೆ ರಿಟರ್ನ್, ವೈದ್ಯಕೀಯ ವಿವರದಂಥ ಖಾಸಗಿ ಕಾಗದ ಸಿಗುವುದಿಲ್ಲ. ಕೇಳಿ ಕಾಲ ಕಳೆಯಬೇಡಿ.

9. ಬರೆದು ಹಂಚುವ ಮುನ್ನ

ಪ್ರತಿ ಸಾಲಿನ ಪಕ್ಕ ದಾಖಲೆಯ ಹೆಸರು, ದಿನಾಂಕ ಹಾಕಿ. ಆಧಾರವಿಲ್ಲದ ಸಾಲನ್ನು ಎಷ್ಟೇ ರುಚಿಯಾಗಿದ್ದರೂ ಅಳಿಸಿ. ಆರೋಪಿಯನ್ನು ಅಪರಾಧಿ ಎನ್ನಬೇಡಿ. ಮಾನನಷ್ಟ ಮೊಕದ್ದಮೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಡಿ ಈಗಲೂ ಕ್ರಿಮಿನಲ್ ಪ್ರಕರಣವೇ, ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಕ್ಕೂ ಅನ್ವಯಿಸುತ್ತದೆ. ಅಫಿಡವಿಟ್‌ನಲ್ಲಿ ಕಾಣುವ ಮನೆ ವಿಳಾಸ, ಫೋನ್ ನಂಬರ್, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಮಸಿ ಬಳಿದು ಹಂಚಿ. ಬಗರ್ ಹುಕುಂ ಪಟ್ಟಿಯಲ್ಲಿರುವ ಬಡ ರೈತರ ಹೆಸರನ್ನು ಬೀದಿಗೆ ತರುವ ಅಗತ್ಯವೂ ಇಲ್ಲ, ಎಷ್ಟು ಅರ್ಜಿ, ಎಷ್ಟು ಮಂಜೂರು ಎಂಬುದು ಸಾಕು.

ಕೊನೆಗೆ, ಕರಡನ್ನು ಶಾಸಕರ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ಒಂದು ವಾರ ಕಾಲ ಕೊಡಿ. ಆಪ್ತ ಸಹಾಯಕರು ಫೋನ್ ಮಾಡಿ "ಬನ್ನಿ ಸಾರ್, ಕೂತು ಮಾತಾಡೋಣ" ಎನ್ನಬಹುದು. ಹೋಗಿ, ಆದರೆ ಒಬ್ಬರೇ ಹೋಗಬೇಡಿ. ಅವರು ತಪ್ಪು ತೋರಿಸಿದರೆ ಅದನ್ನು ಸಾಬೀತು ಮಾಡುವ ಕಾಗದ ಕೇಳಿ ಪಡೆದು ತಿದ್ದಿ, ಲಿಖಿತ ಉತ್ತರ ಕೊಟ್ಟರೆ ಒಂದಕ್ಷರ ಕತ್ತರಿಸದೆ ನಿಮ್ಮ ಬರಹದ ಜೊತೆಗೇ ಹಾಕಿ.